ಇಸ್ತ್ರಿ ಹಾಕಿದ ಚೀಟಿ

ಇಸ್ತ್ರಿಯಕ್ಕ ಮಡಿಸಿಟ್ಟ ಹಾಸಿಗೆ ಬಟ್ಟೆಯ ಅಂಚಿನಲ್ಲಿ ಈರುಳ್ಳಿ ಹೆಚ್ಚಬಹುದು ಎಂದು ಆ ಬೀದಿಯವರು ಹೇಳುತ್ತಿದ್ದರು. ಪೂರಾ ಸುಳ್ಳೇನಲ್ಲ. ಇಪ್ಪತ್ತೆಂಟು ವರ್ಷ ಆಕೆ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಇಸ್ತ್ರಿ ಮೇಜಿನ ಮುಂದೆ ನಿಂತವಳು. ಆ ಊರಿನಲ್ಲಿ ಹುಟ್ಟಿದವರು, ನರಳಿದವರು, ಕಣ್ಣು ಮುಚ್ಚಿದವರು ಎಲ್ಲರೂ ಅವಳು ಗೆರೆ ಎಳೆದ ಬಟ್ಟೆಯ ಮೇಲೆಯೇ ಮಲಗಿದ್ದರು. ಸುಕ್ಕು ಕಂಡರೆ ಅವಳಿಗೆ ಹಾವು ಕಂಡ ಹಾಗೆ. ಮುದುಕಿ ಅತ್ತೆಯ ಮುಖವನ್ನೊಂದು ಬಿಟ್ಟು ಮಿಕ್ಕಿದ್ದನ್ನೆಲ್ಲ ಇಸ್ತ್ರಿ ಮಾಡಿದ್ದಾಳೆ ಎಂದು ಅತ್ತೆಯೇ ನಗುತ್ತಿದ್ದಳು.

ಎರಡು ತಿಂಗಳ ಹಿಂದೆ ಕಾರ್ಖಾನೆಯ ಬಾಯ್ಲರ್ ಸಿಡಿಯಿತು. ಊಟದ ಹೊತ್ತಾದ್ದರಿಂದ ಜೀವಗಳು ಉಳಿದವು. ಚಾವಣಿ ಮಾತ್ರ ಹಕ್ಕಿಯಂತೆ ಹಾರಿ ಪಕ್ಕದ ಬೀದಿಯಲ್ಲಿ ಇಳಿಯಿತು. ಮಾಲೀಕ ಬಂದು ನೋಡಿದ, ತಲೆಯ ಮೇಲೆ ಕೈ ಹೊತ್ತ, ಗೇಟಿಗೆ ಬೀಗ ಜಡಿದು ಹೋದ. ಆಸ್ಪತ್ರೆಯವರು ಕೊಳೆ ಬಟ್ಟೆಯನ್ನು ಲಾರಿಯಲ್ಲಿ ಬೇರೆ ಊರಿಗೆ ಕಳಿಸತೊಡಗಿದರು. ಅರವತ್ತು ಮನೆಗಳ ಒಲೆ ಒಂದೇ ದಿನ ತಣ್ಣಗಾಯಿತು.

ಇಸ್ತ್ರಿಯಕ್ಕನ ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಮನೆಯಲ್ಲಿ ಅತ್ತೆ, ಮಗಳು, ಮಗಳ ಇಪ್ಪತ್ತೆರಡು ದಿನದ ಹೆಣ್ಣು ಕೂಸು. ಅಳಿಯ ಕೆಲಸ ಹುಡುಕಿಕೊಂಡು ಬಂದರಿನ ಕಡೆ ಹೋದವನು ಇನ್ನೂ ಸುದ್ದಿ ಕಳಿಸಿರಲಿಲ್ಲ. ಮೊದಲ ತಿಂಗಳು ಡಬ್ಬಿಗಳ ತಳ ಕೆರೆದರು. ಎರಡನೆಯ ತಿಂಗಳು ತಿಳಿಗಂಜಿ, ಅದಕ್ಕೆ ಉಪ್ಪು. ಬಾಣಂತಿಗೆ ಬರೀ ತಿಳಿನೀರು ಕುಡಿಸಿದರೆ ಎದೆಯಲ್ಲಿ ಹಾಲು ಎಲ್ಲಿಂದ ಬರಬೇಕು? ಮೂರು ದಿನದಿಂದ ಕೂಸು ಮೊಲೆಗೆ ಬಾಯಿ ಹಚ್ಚುವುದು, ಎಳೆಯುವುದು, ಏನೂ ಬಾರದೆ ಮುಖ ತಿರುಗಿಸಿ ಅಳುವುದು. ಮೊದಮೊದಲು ಬೀದಿ ಕೊನೆಯವರೆಗೆ ಕೇಳುವಂತೆ ಅಳುತ್ತಿದ್ದದ್ದು ಈಗ ಬೆಕ್ಕಿನ ಮರಿಯ ಹಾಗೆ ಕುಂಯ್‌ ಎನ್ನುತ್ತಿತ್ತು. ಅಳು ಸಣ್ಣದಾದದ್ದೇ ಇಸ್ತ್ರಿಯಕ್ಕನಿಗೆ ಹೆಚ್ಚು ಹೆದರಿಕೆ ತಂದಿತು.

ನಗರಸಭೆಯವರು ಕೆಲಸ ಕಳೆದುಕೊಂಡವರಿಗೆ ತುರ್ತು ಆಹಾರ ಕೊಡುತ್ತಾರೆ ಎಂದು ಗೋಡೆಗೆ ಕಾಗದ ಅಂಟಿಸಿ ವಾರವಾಗಿತ್ತು. ಮನೆಗೊಂದು ಚೀಲ. ಅಕ್ಕಿ, ಬೇಳೆ, ಎಣ್ಣೆ, ಹಾಲಿನ ಪುಡಿ. ಇಸ್ತ್ರಿಯಕ್ಕ ಆ ಕಾಗದದ ಮುಂದೆ ದಿನಕ್ಕೆ ಹತ್ತು ಸಲ ಹಾದುಹೋಗಿ ಹತ್ತು ಸಲವೂ ಬೇರೆ ಕಡೆ ನೋಡಿದ್ದಳು. ಕೈ ಚಾಚಿ ಗೊತ್ತಿಲ್ಲದ ಮನೆತನ ಅದು. ಆದರೆ ಆ ಬೆಳಗ್ಗೆ ಎದ್ದವಳೇ ಕೆಂಡ ತುಂಬಿ, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹರವಿ, ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡಳು.

ಮೂಲೆಯಲ್ಲಿ ಮುದುರಿ ಕೂತಿದ್ದ ಅತ್ತೆ ಕಣ್ಣು ಕಿರಿದು ಮಾಡಿದಳು. "ಏನೇ, ಹೆಣ್ಣು ನೋಡೋಕೆ ಬರ್ತಿದ್ದಾರಾ ನಿನ್ನ?"

"ನಗರಸಭೆಗೆ ಹೋಗ್ತಿದೀನಿ ಅತ್ತೆ. ಅರ್ಜಿ ಹಾಕೋಕೆ."

"ಅಯ್ಯೋ ಶಿವನೇ. ಇಲ್ಲ ಅಂತ ಹೇಳ್ಕೊಳ್ಳೋಕೆ ಹೋಗೋಳು ಇಷ್ಟು ಗರಿಗರಿಯಾಗಿ ಹೋದ್ರೆ, ಅವರೇ ನಿನ್ನ ಹತ್ರ ಕೈಸಾಲ ಕೇಳ್ತಾರೆ ನೋಡು. ಹೊಟ್ಟೆಗೆ ಗಂಜಿ ಇಲ್ಲ, ಬಟ್ಟೆಗೆ ಗಂಜಿ ಹಾಕಿದ್ದಾಳೆ ಮಹಾರಾಣಿ!"

"ಹಾಕಿದ್ದು ಹಳೇ ಗಂಜಿ. ಕಾರ್ಖಾನೆ ಇದ್ದಾಗಿಂದು."

"ಹಾಗಾದ್ರೆ ಬಟ್ಟೆನೇ ನೆನೆಸಿ ಕುಡಿಸ್ಬೋದಿತ್ತಲ್ಲೇ ಬಾಣಂತಿಗೆ," ಎಂದು ಮುದುಕಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಆಮೇಲೆ ಒಳಗಿನಿಂದ ಕೂಸಿನ ಕುಂಯ್‌ ಸದ್ದು ಕೇಳಿ ನಗು ನುಂಗಿಕೊಂಡಳು. "ಹೋಗಿ ಬಾ ತಾಯಿ. ನಾಚಿಕೆನ ಹೊಸಿಲಲ್ಲೇ ಬಿಟ್ಟು ಹೋಗು. ವಾಪಸ್ ಬಂದಾಗ ಬೇಕಿದ್ರೆ ಎತ್ತಿಕೊಳ್ಳುವಂತೆ."

ನಗರಸಭೆಯ ಕಟ್ಟಡದ ಮುಂದೆ ಕ್ಯೂ ಎಂದರೆ ಅದೇನು ಸಾಮಾನ್ಯ ಕ್ಯೂ ಅಲ್ಲ. ಬಾಲದಲ್ಲಿ ನಿಂತ ಹುಡುಗನಿಗೆ ಕಿಟಕಿ ಮುಟ್ಟುವಷ್ಟರಲ್ಲಿ ಗಡ್ಡ ಬಂದು ನರೆತಿರಬೇಕು. ಗೋಡೆಯುದ್ದಕ್ಕೂ ಹೋಗಿ, ನೀರಿನ ತೊಟ್ಟಿ ಸುತ್ತಿ, ಸೈಕಲ್ ನಿಲ್ಲಿಸುವ ಜಾಗದಲ್ಲಿ ಎರಡು ಮಡಿಕೆಯಾಗಿ ರಸ್ತೆಗೆ ಬಂದಿತ್ತು. ಇಸ್ತ್ರಿಯಕ್ಕ ಯಾರ ಮುಖವನ್ನೂ ನೋಡದೆ ತುದಿಯಲ್ಲಿ ನಿಂತಳು. ಕಾರ್ಖಾನೆಯವರು ಕಣ್ಣಿಗೆ ಬಿದ್ದಾರು ಎಂಬ ಭಯ. ಅವಳ ಹಿಂದೆ ಒಬ್ಬ ಛತ್ರಿ ರಿಪೇರಿಯವನು ಬಂದು ನಿಂತ. ಹೆಗಲಲ್ಲಿ ಕಡ್ಡಿಗಳ ಕಟ್ಟು, ಕಂಕುಳಲ್ಲಿ ಒಂದು ದೊಡ್ಡ ಛತ್ರಿ, ಬಾಯಲ್ಲಿ ನಿಲ್ಲದ ಮಾತು.

"ಈ ವರ್ಷ ಆಕಾಶಕ್ಕೇ ಮೂತ್ರ ಕಟ್ಟಿದೆ ತಂಗೀ. ಒಂದು ಹನಿ ಇಲ್ಲ. ಮಳೆ ಬಂದ್ರೂ ಏನು, ಹೊಸ ಛತ್ರಿನೇ ರಿಪೇರಿಗಿಂತ ಅಗ್ಗ ಈಗ. ನನ್ನ ಹೆಂಡ್ತಿ ಕೇಳ್ತಾಳೆ, ನಿನ್ನನ್ನೂ ಹಾಗೇ ಕೊಟ್ಟು ಹೊಸಬನ್ನ ತರ್ಲಾ ಅಂತ."

ಇಸ್ತ್ರಿಯಕ್ಕ ತಿರುಗಲಿಲ್ಲ.

"ಮಾತಾಡಲ್ವಾ? ಬೇಡ ಬಿಡು. ನಾನು ಬೆನ್ನಿನ ಹತ್ರನೇ ಮಾತಾಡ್ತೀನಿ, ಬೆನ್ನು ಎದುರುತ್ತರ ಕೊಡಲ್ಲ."

ಹೀಗೆ ನಾಲ್ಕು ಗಂಟೆ ಅವನು ಅವಳ ಬೆನ್ನಿನೊಂದಿಗೆ ಸಂಸಾರದ ಕಷ್ಟಸುಖವೆಲ್ಲ ಮಾತಾಡಿದ.

ಕಿಟಕಿಯ ಹಿಂದೆ ಕನ್ನಡಕದ ಹೆಂಗಸೊಬ್ಬಳು ಕೂತಿದ್ದಳು. ಎಲ್ಲರೂ ಅವಳನ್ನು ಮೇಡಂ ಎನ್ನುತ್ತಿದ್ದರು. ಕೇಳಬೇಕಾದದ್ದನ್ನು ಕೇಳಿ, ಬರೆಯಬೇಕಾದದ್ದನ್ನು ಬರೆದು, ಅರ್ಜಿಯನ್ನು ಒಂದು ಕಟ್ಟಿನ ಮೇಲೆ ಎಸೆದು, ಪಕ್ಕದ ಸಣ್ಣ ಯಂತ್ರ ಒತ್ತಿದಳು. ಕರ್ ಎಂದು ನಾಲಿಗೆ ಚಾಚಿದ ಹಾಗೆ ಒಂದು ಚೀಟಿ ಹೊರಬಂತು. ಬಸ್ಸಿನ ಟಿಕೆಟ್ಟಿನಂಥ ತೆಳ್ಳಗಿನ ನುಣುಪು ಕಾಗದ.

"ಇನ್ನೂರ ಹನ್ನೊಂದು. ನಾಳೆ ಬೆಳಗ್ಗೆಯಿಂದ ಸಂಜೆ ಐದರವರೆಗೆ ಚೀಲ ಕೊಡ್ತೀವಿ. ನಾಳೆ ಒಂದೇ ದಿನ. ಈ ಚೀಟಿ ಇಲ್ದೆ ಬಂದ್ರೆ ಇಲ್ಲ. ಹರಿದಿದ್ರೆ, ಮುದುರಿ ಉಂಡೆ ಮಾಡ್ಕೊಂಡು ಬಂದ್ರೆ ನಾನು ಓದ್ತಾ ಕೂರಲ್ಲ. ಮುಂದಿನವರು!"

ಇಸ್ತ್ರಿಯಕ್ಕ ಚೀಟಿಯನ್ನು ಅಂಗೈಯಲ್ಲಿ ಬಿಗಿಯಾಗಿ ಹಿಡಿದು, ತಲೆ ತಗ್ಗಿಸಿ, ಓಡುವ ಹಾಗೆ ಮನೆಗೆ ನಡೆದಳು. ದಾರಿಯುದ್ದಕ್ಕೂ ಕೈ ಬಿಚ್ಚಲಿಲ್ಲ. ಗಾಳಿ ಕಸಿದುಕೊಂಡರೆ? ಯಾರಾದರೂ ನೋಡಿದರೆ? ಮನೆ ಸೇರಿ ಮುಷ್ಟಿ ತೆರೆದಾಗ ಚೀಟಿ ಬೆವರಿನಲ್ಲಿ ನೆನೆದು, ಅಗಿದು ಉಗಿದ ಎಲೆಯಂತೆ ಮುದುರಿಹೋಗಿತ್ತು.

ಅವಳಿಗೆ ಮೇಡಂ ಮಾತು ನೆನಪಾಯಿತು. ಮುದುರಿದ್ದನ್ನು ಓದುವುದಿಲ್ಲ. ಸರಿ, ಸುಕ್ಕು ಬಿಡಿಸುವುದೇನು ಇವಳಿಗೆ ಹೊಸ ವಿದ್ಯೆಯೇ? ಬೆಳಗಿನ ಕೆಂಡದಲ್ಲಿ ಇನ್ನೂ ಜೀವವಿತ್ತು. ಊದಿ ಎಬ್ಬಿಸಿದಳು. ಚೀಟಿಯನ್ನು ಮೇಜಿನ ಮೇಲೆ ಹರವಿ, ಬೆರಳ ತುದಿಯಿಂದ ನಾಲ್ಕು ಮೂಲೆ ಎಳೆದು, ಮೇಲೊಂದು ತೆಳು ಬಟ್ಟೆ ಹೊದಿಸಿ, ಇಪ್ಪತ್ತೆಂಟು ವರ್ಷದ ಪಳಗಿದ ಕೈಯಿಂದ ಒಂದೇ ಒಂದು ಎಳೆತ ಎಳೆದಳು.

ಬಟ್ಟೆ ಎತ್ತಿದಳು. ಚೀಟಿಯಲ್ಲಿ ಒಂದು ಸುಕ್ಕೂ ಇರಲಿಲ್ಲ. ನಂಬರೂ ಇರಲಿಲ್ಲ. ಮೇಲಿನ ಅಂಚಿನಿಂದ ಕೆಳಗಿನ ಅಂಚಿನವರೆಗೆ ಇಡೀ ಕಾಗದ ಅಮಾವಾಸ್ಯೆಯ ಆಕಾಶದಷ್ಟು ಕಪ್ಪಾಗಿತ್ತು.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಸುಟ್ಟಿತೇ ಎಂದು ಮೂಸಿ ನೋಡಿದಳು. ಸುಟ್ಟ ವಾಸನೆಯಿಲ್ಲ. ತಿರುಗಿಸಿದಳು, ಹಿಂಬದಿ ಬೆಳ್ಳಗಿತ್ತು. ಬಿಸಿ ತಾಗಿದರೆ ಕಪ್ಪಾಗುವ ಜಾತಿಯ ಕಾಗದವೂ ಉಂಟು, ಆ ಯಂತ್ರ ಅಂಕಿಗಳನ್ನು ಬರೆಯುವುದೇ ಬಿಸಿಯಿಂದ ಎಂದು ಅವಳಿಗೆ ಯಾರು ಹೇಳಿದ್ದರು? ಬೇರೆ ಯಾರ ಮನೆಯಲ್ಲೂ ಆಗದ ಅನಾಹುತ ಇದು. ಬೇರೆ ಯಾರು ಚೀಟಿಗೆ ಇಸ್ತ್ರಿ ಹಾಕುತ್ತಾರೆ?

"ಏನಾಯ್ತೇ?" ಎಂದಳು ಅತ್ತೆ.

ಇಸ್ತ್ರಿಯಕ್ಕ ಚೀಟಿ ಎತ್ತಿ ತೋರಿಸಿದಳು. ಮುದುಕಿ ನೋಡಿದಳು, ಬಾಯಿ ತೆರೆದಳು. ನೂರು ಮಾತು ಬರುವ ಆ ಬಾಯಿಂದ ಒಂದೂ ಬರಲಿಲ್ಲ. ಹಾಗೆ ಅವಳು ಸುಮ್ಮನಾದದ್ದನ್ನು ಇಸ್ತ್ರಿಯಕ್ಕ ನೋಡಿದ್ದು ತನ್ನ ಗಂಡ ತೀರಿಕೊಂಡ ದಿನ ಮಾತ್ರ. "ಮಗಳಿಗೆ ಹೇಳ್ಬೇಡಿ ಅತ್ತೆ," ಎಂದಳು ಇಸ್ತ್ರಿಯಕ್ಕ. ಒಳಗೆ ಮಗಳು ಖಾಲಿ ಎದೆಗೆ ಕೂಸನ್ನು ಅಪ್ಪಿಕೊಂಡು, ಚೀಟಿ ಸಿಕ್ಕಿತು ಎಂಬ ನೆಮ್ಮದಿಯಲ್ಲಿ ಕಣ್ಣು ಮುಚ್ಚಿದ್ದಳು.

ಮರುದಿನ ಅವಳು ಬಟ್ಟೆಗೆ ಇಸ್ತ್ರಿ ಹಾಕಲಿಲ್ಲ. ಪೆಟ್ಟಿಗೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಕಿಟಕಿ ತೆರೆಯುವ ಮೊದಲೇ ಹೋಗಿ ನಿಂತು, ಸರದಿ ಬಂದಾಗ ಕಪ್ಪು ಚೀಟಿಯನ್ನು ಕಿಟಕಿಯಲ್ಲಿ ಇಟ್ಟಳು.

ಮೇಡಂ ಅದನ್ನು ಎರಡು ಬೆರಳಿನಿಂದ ಎತ್ತಿ ಹಿಡಿದಳು, ಸತ್ತ ಜಿರಳೆಯನ್ನು ಎತ್ತುವ ಹಾಗೆ. "ಏನಮ್ಮಾ ಇದು?"

"ಚೀಟಿ ಮೇಡಂ. ಮುದುರಿತ್ತು. ಇಸ್ತ್ರಿ ಮಾಡ್ದೆ."

"ಏನು ಮಾಡ್ದೆ?"

"ಇಸ್ತ್ರಿ."

ಹಿಂದೆ ನಿಂತವರಲ್ಲಿ ಯಾರೋ ಕಿಸಕ್ಕೆಂದರು. ನಗು ಕ್ಯೂ ಹಿಡಿದು ಹಿಂದಕ್ಕೆ ಓಡಿತು. ರಸ್ತೆಯಲ್ಲಿದ್ದವರು ಏನು ಎತ್ತ ಎಂದು ತಿಳಿಯದೆಯೂ ನಕ್ಕರು. ನೆಲ ಬಾಯಿಬಿಟ್ಟರೆ ಇಳಿದುಹೋಗುತ್ತಿದ್ದಳು ಇಸ್ತ್ರಿಯಕ್ಕ. ನಗರಸಭೆಯ ನೆಲ ಸಿಮೆಂಟಿನದು, ಅದು ಬಾಯಿ ಬಿಡಲಿಲ್ಲ.

"ನಂಬರ್ ನೆನಪಿದೆ ಮೇಡಂ. ಇನ್ನೂರ ಹನ್ನೊಂದು."

ಮೇಡಂ ನಗಲಿಲ್ಲ. ಕನ್ನಡಕ ತೆಗೆದು ಒರೆಸಿದಳು. "ನೋಡಮ್ಮಾ, ಬಾಯಲ್ಲಿ ನಂಬರ್ ಯಾರು ಬೇಕಾದ್ರೂ ಹೇಳ್ತಾರೆ. ಅರ್ಜಿಗಳೆಲ್ಲ ನಿನ್ನೆನೇ ಮೇಲಿನ ಕಚೇರಿಗೆ ಹೋಯ್ತು. ನನ್ನ ಹತ್ರ ಇರೋದು ಬರೀ ನಂಬರ್‌ಗಳ ಪಟ್ಟಿ, ಹೆಸರಿಲ್ಲ. ಅಲ್ಲಿಂದ ಹೆಸರು ತರಿಸೋಕೆ ಎಂಟು ದಿನ. ಕಳೆದ ಸಲ ಏನಾಯ್ತು ಗೊತ್ತಾ? ಚೀಟಿ ಮಾರ್ಕೊಂಡು, ಕಳೆದುಹೋಯ್ತು ಅಂತ ಬಂದು ಅತ್ರು. ಕೊಟ್ಟೆ. ಸಂಜೆ ಅದೇ ನಂಬರ್ ಚೀಟಿ ಹಿಡ್ಕೊಂಡು ಇನ್ನೊಬ್ರು ಬಂದ್ರು. ಬೈಸ್ಕೊಂಡಿದ್ದು ನಾನು."

"ನಾನು ಮಾರಿಲ್ಲ."

"ಮಾರಿದೀಯ ಅಂತ ನಾನೂ ಹೇಳ್ತಿಲ್ಲ. ಎಂಟು ದಿನ ಬಿಟ್ಟು ಬಾ."

ಎಂಟು ದಿನ! ಇಸ್ತ್ರಿಯಕ್ಕನ ಕಿವಿಯಲ್ಲಿ ಆ ಬೆಕ್ಕಿನ ಮರಿಯ ಸದ್ದು ತುಂಬಿಕೊಂಡಿತು. ಅವಳು ಕಿಟಕಿಯ ಸರಳು ಹಿಡಿದಳು. ಹುಟ್ಟಿದಾಗಿನಿಂದ ಯಾರ ಮುಂದೆಯೂ ಆಡದ ಮಾತು, ಯಾರೂ ಕೇಳಿಸಿಕೊಳ್ಳಬಾರದೆಂದು ಹಲ್ಲು ಕಚ್ಚಿ ಹಿಡಿದಿದ್ದ ಮಾತು, ಇಡೀ ಕ್ಯೂ ಮುಂದೆ ಹೊರಗೆ ಬಂತು.

"ನನ್ನ ಮಗಳು ಬಾಣಂತಿ ಮೇಡಂ. ಎದೆಲಿ ಹಾಲಿಲ್ಲ. ಕೂಸಿಗೆ ಅಳೋಕೂ ಶಕ್ತಿ ಇಲ್ಲ. ಎಂಟು ದಿನ ಆದ್ಮೇಲೆ ಚೀಲ ತಗೊಂಡು ನಾನು ಯಾರಿಗೆ ಕೊಡ್ಲಿ?"

ನಗು ನಿಂತಿತು. ಮೇಡಂ ಮೇಜಿನ ಮೇಲಿನ ಪಟ್ಟಿಯನ್ನು ನೋಡುತ್ತ ಕೂತಳು. ಕೊಡುವ ಮನಸ್ಸಿಲ್ಲದವಳಲ್ಲ, ಕೊಟ್ಟು ಸಿಕ್ಕಿಬಿದ್ದವಳು.

"ಅವಳು ಇನ್ನೂರ ಹನ್ನೊಂದೇ ಮೇಡಂ."

ನಾಲ್ಕೈದು ಜನದ ಹಿಂದಿನಿಂದ ಛತ್ರಿ ರಿಪೇರಿಯವನು ಕತ್ತು ಚಾಚಿದ್ದ. ಜನರನ್ನು ಸರಿಸಿಕೊಂಡು ಬಂದು ತನ್ನ ಚೀಟಿ ಮುಂದೆ ಹಿಡಿದ. "ನಂದು ಇನ್ನೂರ ಹನ್ನೆರಡು. ನನ್ನ ಮುಂದೆ ನಿಂತಿದ್ದು ಇವಳು. ಮುಖ ನೋಡಿಲ್ಲ, ತೋರಿಸ್ಲೇ ಇಲ್ಲ ಪುಣ್ಯಾತ್ಗಿತ್ತಿ. ಆದ್ರೆ ನಾಲ್ಕು ಗಂಟೆ ಹೊತ್ತು ಈ ಬೆನ್ನು ನೋಡಿದೀನಿ. ಬಲಗಡೆ ಹೆಗಲು ಒಂದಿಷ್ಟು ಇಳಿಬಿದ್ದಿದೆ. ಭಾರ ಎತ್ತಿ ಎತ್ತಿ ಹಂಗಾಗಿದೆ. ಕೋಟಿ ಜನರ ಮಧ್ಯೆ ನಿಲ್ಲಿಸಿದ್ರೂ ಹೇಳ್ತೀನಿ."

"ನಿಂತಿದ್ದು ಇವಳೇ ಇರ್ಬೋದಪ್ಪ. ಆಮೇಲೆ ಚೀಟಿ ಮಾರಿಲ್ಲ ಅಂತ ನೀನು ಹೇಗೆ ಹೇಳ್ತೀಯ?"

ಅವನು ತಲೆ ಕೆರೆದ.

ಮೇಡಂ ಪಟ್ಟಿಯ ಮೇಲೆ ಬೆರಳಾಡಿಸಿದಳು. "ಒಂದು ದಾರಿ ಇದೆ. ಐದು ಗಂಟೆವರೆಗೆ ಇನ್ನೂರ ಹನ್ನೊಂದು ಹಿಡ್ಕೊಂಡು ಬೇರೆ ಯಾರೂ ಬರ್ಲಿಲ್ಲ ಅಂದ್ರೆ ಇವಳ ಮಾತು ನಿಜ ಅಂತ ಬರ್ಕೋತೀನಿ. ಆದ್ರೆ ನನಗೆ ಒಂದು ಜಾಮೀನು ಬೇಕು. ನಿನ್ನ ಚೀಟಿ ಇಲ್ಲಿ ಇಟ್ಟು ಹೋಗು. ಯಾರಾದ್ರೂ ಬಂದ್ರೆ ಇವಳಿಗೂ ಇಲ್ಲ, ಸುಳ್ಳು ಸಾಕ್ಷಿ ಹೇಳಿದ್ದಕ್ಕೆ ನಿನಗೂ ಇಲ್ಲ. ಇಡ್ತೀಯಾ?"

ಈಗ ಅವನ ಮಾತಿನ ಮಳೆಯೂ ನಿಂತಿತು. ಕೈಯಲ್ಲಿದ್ದ ಚೀಟಿಯನ್ನು ನೋಡಿದ. ಇಸ್ತ್ರಿಯಕ್ಕನ ಮುಖವನ್ನು ಮೊದಲ ಸಲ ನೋಡಿದ. ಅವನು ನಂಬಬೇಕಾದದ್ದು ಅವಳ ಬರೀ ಬಾಯಿಮಾತನ್ನು.

"ನನ್ನ ಹೆಂಡ್ತಿ ನನ್ನ ಚರ್ಮ ಸುಲಿದು ಛತ್ರಿಗೆ ಬಟ್ಟೆ ಮಾಡ್ತಾಳೆ," ಎಂದು ಗೊಣಗಿ, ಚೀಟಿಯನ್ನು ಕಿಟಕಿಯೊಳಗೆ ತಳ್ಳಿದ.

ಇಬ್ಬರೂ ಗೋದಾಮಿನ ಬಾಗಿಲೆದುರು ಬೆಂಚಿನ ಮೇಲೆ ಕೂತರು. ಒಳಗೆ ಗೋದಾಮಿನವನು ನಂಬರ್ ಕೂಗುವುದು, ಚೀಲ ಎಳೆದು ಕೊಡುವುದು. ಒಬ್ಬೊಬ್ಬರೇ ಹೆಗಲ ಮೇಲೆ ಹೊತ್ತು ಹೋಗುವುದನ್ನು ಇವರು ನೋಡುವುದು. ಸೂರ್ಯ ಅಂದು ಬೇಕೆಂದೇ ಕುಂಟುತ್ತ ನಡೆಯುತ್ತಿದ್ದ. ಒಂದು ಗಂಟೆ ಕಳೆಯುವಷ್ಟರಲ್ಲಿ ಒಂದು ಹಸು ಗಬ್ಬವಾಗಿ ಕರು ಹಾಕಬಹುದಿತ್ತು.

"ಮನೇಲಿ ಎಷ್ಟು ಜನ ಅಣ್ಣಾ?" ಎಂದಳು ಇಸ್ತ್ರಿಯಕ್ಕ, ಬಹಳ ಹೊತ್ತಿನ ಮೇಲೆ.

"ಓಹೋ, ಬೆನ್ನಿಗೆ ಬಾಯಿ ಬಂತು!" ಅವನು ನಕ್ಕ. "ನಾನು, ಹೆಂಡ್ತಿ, ಅವಳ ತಮ್ಮ. ಅವನಿಗೆ ಸೊಂಟದ ಕೆಳಗೆ ಜೀವ ಇಲ್ಲ. ಬಾಯಿ ಮಾತ್ರ ಮೂರಾಳಿಗಾಗೋಷ್ಟು ಇದೆ. ತಿನ್ನೋಕೂ, ಬೈಯೋಕೂ."

"ನಾನು ಮಾರಿಲ್ಲ ಅಣ್ಣಾ."

"ಮಾರಿದ್ರೆ ಈಗ ಹೇಳ್ಬಿಡು. ಬೈಯಲ್ಲ. ಎದ್ದು ಹೋಗಿ ಚೀಟಿ ವಾಪಸ್ ಕೇಳ್ತೀನಿ ಅಷ್ಟೆ."

"ಮಾರಿಲ್ಲ."

"ಸರಿ." ಕಟ್ಟಿನಿಂದ ಒಂದು ಕಡ್ಡಿ ಎಳೆದು ನೆಟ್ಟಗೆ ಮಾಡುತ್ತ ಮತ್ತೆ ಕೇಳಿದ. "ನಿಜವಾಗ್ಲೂ ಇಸ್ತ್ರಿ ಮಾಡಿದ್ಯಾ? ಚೀಟಿಗೆ?" ಅವಳು ತಲೆಯಾಡಿಸಿದಳು. ಅವನಿಗೆ ನಗು ತಡೆಯಲಾಗಲಿಲ್ಲ. "ಮಾರೋಕೆ ಬುದ್ಧಿ ಬೇಕು ತಂಗೀ. ಇಷ್ಟು ದಡ್ಡ ಕೆಲಸ ಮಾಡಿದೋಳು ಮಾರಿರೋಕೆ ಸಾಧ್ಯನೇ ಇಲ್ಲ." ಅವಳಿಗೂ ತುಟಿಯ ಮೂಲೆಯಲ್ಲಿ ನಗು ಬಂತು. ಆದರೆ ಅದರ ಹಿಂದೆಯೇ ಕಣ್ಣಲ್ಲಿ ನೀರೂ ಬಂತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಒಬ್ಬ ತರುಣ ಓಡುತ್ತ ಬಂದ. ಚೀಟಿ ಚಾಚಿದ. ಗೋದಾಮಿನವನು ಓದುತ್ತ, "ಇನ್ನೂರ..." ಎಂದು ತಡವರಿಸಿ ಬೆಳಕಿಗೆ ಹಿಡಿದ. ಛತ್ರಿಯವನು ಅರ್ಧ ಎದ್ದು ನಿಂತ. ಇಸ್ತ್ರಿಯಕ್ಕನಿಗೆ ತಾನು ಮಾರಿಲ್ಲ ಎಂದು ಗೊತ್ತು. ಪ್ರಪಂಚದಲ್ಲಿ ಅದು ಗೊತ್ತಿದ್ದದ್ದು ಅವಳೊಬ್ಬಳಿಗೇ. ಆದರೂ ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದಳು. ದಿನವಿಡೀ ಅನುಮಾನದಲ್ಲಿ ಕೂತರೆ ತನ್ನ ಮೇಲೆ ತನಗೇ ಅನುಮಾನ ಬರುತ್ತದೆ.

"...ಎಪ್ಪತ್ತೊಂದು," ಎಂದ ಗೋದಾಮಿನವನು. ಛತ್ರಿಯವನು ಕೂತ. ಕಡ್ಡಿಯೊಂದನ್ನು ಕೈಯಲ್ಲಿ ಹಿಡಿದಿದ್ದ, ಅದು ಬಾಗಿ ಬಿಲ್ಲಾಗಿತ್ತು.

ಐದು ಗಂಟೆಗೆ ಕಬ್ಬಿಣದ ಶಟರ್ ಅರ್ಧ ಇಳಿಯಿತು. ಇನ್ನೂರ ಹನ್ನೊಂದು ಹಿಡಿದು ಯಾರೂ ಬಂದಿರಲಿಲ್ಲ. ಮೇಡಂ ಪಟ್ಟಿ ಎತ್ತಿಕೊಂಡು ತಾನೇ ಹೊರಗೆ ಬಂದಳು. ಇಸ್ತ್ರಿಯಕ್ಕನ ಮುಂದೆ ನಿಂತು, "ಬೇಜಾರು ಮಾಡ್ಕೋಬೇಡಮ್ಮ," ಎಂದಳು. ಅಷ್ಟು ಹೇಳುವುದಕ್ಕೆ ಅವಳಿಗೂ ಕಷ್ಟವಾಯಿತು. ಒಳಗೆ ಕೂಗಿದಳು, "ಎರಡು ಚೀಲ ತಗೊಂಡು ಬಾರಪ್ಪ."

ಗೋದಾಮಿನವನು ಒಂದು ಚೀಲ ಎಳೆದು ತಂದ. ಇನ್ನೊಂದಕ್ಕೆ ಹೋಗಲಿಲ್ಲ. "ಒಂದೇ ಇರೋದು ಮೇಡಂ. ಲಾರಿಯಿಂದ ಇಳಿಸುವಾಗ ನಾಲ್ಕು ಒಡೆದು ಹೋಗಿತ್ತಲ್ಲ. ಬಂದ ಚೀಟಿಗೆ ಕೊಟ್ಕೊಂಡು ಹೋದೆ. ಇವರಿಬ್ಬರಿಗೆ ಎತ್ತಿಡು ಅಂತ ನನಗ್ಯಾರೂ ಹೇಳ್ಲಿಲ್ಲ."

ಮೇಡಂ ಪಟ್ಟಿಯನ್ನು ನೋಡಿದಳು, ಅವರಿಬ್ಬರನ್ನು ನೋಡಿದಳು, ಮತ್ತೆ ಪಟ್ಟಿಗೆ ಬಂದಳು. ಕೊನೆಗೆ ಸಣ್ಣ ದನಿಯಲ್ಲಿ, "ಕ್ರಮ ಅಂದ್ರೆ ಕ್ರಮ. ಮೊದಲು ಇನ್ನೂರ ಹನ್ನೊಂದು," ಎಂದಳು. "ಹನ್ನೆರಡಕ್ಕೆ ಮುಂದಿನ ಲಾರಿ. ಹತ್ತು ದಿನ."

ಚೀಲವನ್ನು ಇಸ್ತ್ರಿಯಕ್ಕನ ಕಾಲ ಬಳಿ ಇಟ್ಟರು.

ಬೆಳಗ್ಗೆ ಸುಮ್ಮನೆ ತನ್ನ ಸರದಿಯಲ್ಲಿ ನಿಂತಿದ್ದರೆ ಛತ್ರಿಯವನು ಹತ್ತು ಗಂಟೆಗೇ ಚೀಲ ಹೊತ್ತು ಮನೆಗೆ ಹೋಗುತ್ತಿದ್ದ. ಕಡ್ಡಿಗಳ ಕಟ್ಟನ್ನು ನಿಧಾನವಾಗಿ ಹೆಗಲಿಗೇರಿಸಿದ.

ಇಸ್ತ್ರಿಯಕ್ಕ ಚೀಲದ ಕೊರಳು ಹಿಡಿದಳು. ಇದನ್ನು ಎತ್ತಿಕೊಂಡು ಹಿಂದೆ ನೋಡದೆ ಓಡಬೇಕು ಎಂದು ಅವಳ ಕಾಲು ಹೇಳಿತು. ಅದರಲ್ಲಿ ತಪ್ಪೇನು? ಮೇಡಂ ಕೊಟ್ಟದ್ದು, ಕ್ರಮದಂತೆ ಬಂದದ್ದು. ಅವನು ಹಲ್ಲಿರುವ ಗಂಡಸು, ತನ್ನ ಮನೆಯಲ್ಲಿರುವುದು ಹಲ್ಲೇ ಹುಟ್ಟದ ಕೂಸು. ಒಂದು ಚೀಲ ಅರ್ಧವಾದರೆ ತಿಂಗಳು ಬರುವುದು ಹದಿನೈದು ದಿನ ಬರುತ್ತದೆ. ಆಮೇಲೆ? ಹದಿನಾರನೆಯ ದಿನ ಮಗಳ ಮುಖ ಹೇಗಿರುತ್ತದೆ ಎಂಬುದು ಅವಳಿಗೆ ಅಲ್ಲಿ ನಿಂತಲ್ಲೇ ಕಂಡಿತು. ಎರಡು ಹೆಜ್ಜೆ ನಡೆದಳು. ನಿಜ ಹೇಳಬೇಕೆಂದರೆ ಮೂರು ನಡೆದಳು.

ಆಮೇಲೆ ಚೀಲ ಕೆಳಗಿಟ್ಟಳು.

"ಅಣ್ಣಾ, ಅಲ್ಲಿ ಟೀ ಅಂಗಡಿಲಿ ಒಂದು ಲೋಟ ಇಸ್ಕೊಂಡು ಬಾ."

"ಟೀ ಕುಡಿಯೋ ಹೊತ್ತಾ ಇದು?"

"ಅಳೆಯೋಕೆ."

ಅವನು ನಿಂತೇ ಇದ್ದ. "ಬಾಣಂತಿ ಇದ್ದಾಳೆ ಮನೇಲಿ. ತಗೊಂಡು ಹೋಗು ತಾಯಿ. ನಾನೇನು ಕೇಳ್ಲಿಲ್ಲವಲ್ಲ."

"ನೀನು ಕೇಳಿದ್ರೆ ಓಡಿಹೋಗ್ತಿದ್ದೆ," ಎಂದಳು ಇಸ್ತ್ರಿಯಕ್ಕ. "ಹೋಗು, ಲೋಟ ತಾ. ನನ್ನ ಮನಸ್ಸು ಮತ್ತೆ ಬದಲಾಗೋದ್ರೊಳಗೆ ತಾ."

ಕಚೇರಿಯ ಒಳಗೆ ಚೀಲ ಬಿಚ್ಚುವಂತಿಲ್ಲ ಎಂದು ಗೋದಾಮಿನವನು ತಡೆದ. ಮೆಟ್ಟಿಲಿನ ಮೇಲೆ ಹಳೆಯ ಪತ್ರಿಕೆ ಹಾಸಿಕೊಂಡು ಕೂತರು. ಮೇಡಂ ಕಿಟಕಿ ಮುಚ್ಚಲು ಬಂದವಳು ಮುಚ್ಚದೆ ನಿಂತು ನೋಡಿದಳು. ನಿನಗೊಂದು ಲೋಟ, ನನಗೊಂದು ಲೋಟ. ಇಸ್ತ್ರಿಯಕ್ಕ ಲೋಟದ ತಲೆಯನ್ನು ಅಂಗೈಯಿಂದ ಸವರಿ ಸಮ ಮಾಡಿಯೇ ಸುರಿಯುತ್ತಿದ್ದಳು, ಒಂದು ಕಾಳು ಈ ಕಡೆ ಹೆಚ್ಚಲ್ಲ, ಆ ಕಡೆ ಕಡಿಮೆಯಲ್ಲ. ಬೇಳೆಯೂ ಹಾಗೆಯೇ. ಎಣ್ಣೆಯ ಬಾಟಲಿ ಒಂದೇ ಇತ್ತು. ಟೀ ಅಂಗಡಿಯವನ ಖಾಲಿ ಸೀಸೆಗೆ ಅರ್ಧ ಬಗ್ಗಿಸಿದರು. ಕೊನೆಗೆ ಹಾಲಿನ ಪುಡಿಯ ಪೊಟ್ಟಣ ಉಳಿಯಿತು. ಅವಳು ಅದರ ಬಾಯಿ ಕೀಳಲು ಹೋದಾಗ ಛತ್ರಿಯವನು ಕೈ ಹಿಡಿದ.

"ನನ್ನ ಮನೇಲಿ ಎಲ್ಲರಿಗೂ ಹಲ್ಲಿದೆ. ಅದು ಹಂಗೇ ಇರ್ಲಿ."

ಅಯ್ಯೋ ಬೇಡ, ನೀನೂ ತಗೋ ಎಂದು ಬಾಯುಪಚಾರ ಮಾಡಲಿಲ್ಲ ಅವಳು. ಪೊಟ್ಟಣವನ್ನು ಎದೆಗೊತ್ತಿ ಇಟ್ಟುಕೊಂಡಳು.

ಇನ್ನೊಂದು ತೊಡಕು ಬಂತು. ಚೀಲ ಇದ್ದದ್ದು ಒಂದೇ. ಛತ್ರಿಯವನ ಮನೆ ಊರಾಚೆ, ಬಸ್ಸು ಹತ್ತಬೇಕು, ಚೀಲ ಅವನಿಗೇ ಬೇಕು. ಅವನು ಕಂಕುಳಿಂದ ದೊಡ್ಡ ಛತ್ರಿ ತೆಗೆದು, ಪಟ್ ಎಂದು ಬಿಚ್ಚಿ, ತಲೆಕೆಳಗೆ ಮಾಡಿ ಅವಳ ಮುಂದೆ ಹಿಡಿದ. "ಸುರಿ ಇದಕ್ಕೆ. ಎಂಟು ಕಡ್ಡಿನೂ ನಾನೇ ಕೂರಿಸಿದ್ದು. ಎಮ್ಮೆ ಹತ್ತಿ ಕೂತು ಕರು ಹಾಕಿದ್ರೂ ಮುರಿಯಲ್ಲ. ನಾಳೆ ಮಾರ್ಕೆಟ್ ಹತ್ರ ಕೂತಿರ್ತೀನಿ, ತಂದುಕೊಡು."

ಅಕ್ಕಿಯ ಮೇಲೆ ಪತ್ರಿಕೆಯಲ್ಲಿ ಕಟ್ಟಿದ ಬೇಳೆ, ಪಕ್ಕದಲ್ಲಿ ಎಣ್ಣೆ ಸೀಸೆ. ಎರಡೂ ಕೈಯಲ್ಲಿ ಛತ್ರಿಯ ಕೋಲು ಎದೆಗಾನಿಸಿ ಹಿಡಿದು ಇಸ್ತ್ರಿಯಕ್ಕ ಬೀದಿಗಿಳಿದಳು. ಇನ್ನೂ ಬೆಳಕಿತ್ತು. ಸೆರಗೆಳೆದು ಮುಚ್ಚಿಕೊಳ್ಳಲು ಕೈ ಬಿಡುವಿಲ್ಲ, ಸಂದಿ ಹಿಡಿಯಲು ದಾರಿಯಿಲ್ಲ. ಛತ್ರಿ ಅಷ್ಟಗಲ ಬಾಯಿ ತೆರೆದು, ನಮ್ಮ ಮನೆಯಲ್ಲಿ ಅಕ್ಕಿ ಇರಲಿಲ್ಲ, ನೋಡಿ, ಎಂದು ಎಲ್ಲರಿಗೂ ತೋರಿಸುತ್ತ ಹೋಗುತ್ತಿತ್ತು. ಕಾರ್ಖಾನೆಯಲ್ಲಿ ಅವಳೆದುರಿನ ಮೇಜಿನಲ್ಲಿ ಬಟ್ಟೆ ಮಡಿಸುತ್ತಿದ್ದವಳು ಬಾಗಿಲಲ್ಲಿ ನಿಂತಿದ್ದಳು. ಇವಳನ್ನು ನೋಡಿ ಕಣ್ಣು ತಪ್ಪಿಸಲು ಹೊರಟವಳನ್ನು ಇಸ್ತ್ರಿಯಕ್ಕನೇ ಕೂಗಿದಳು.

"ಏನೇ, ನೀನು ಅರ್ಜಿ ಹಾಕಿದ್ಯಾ?"

ಅವಳು ಇಲ್ಲವೆಂದು ತಲೆ ಅಲ್ಲಾಡಿಸಿದಳು.

"ಮುಂದಿನ ಲಾರಿ ಹತ್ತು ದಿನಕ್ಕೆ ಬರುತ್ತಂತೆ. ಹೋಗು. ಕ್ಯೂನಲ್ಲಿ ಹಿಂದಿನೋರ ಹತ್ರ ಮಾತಾಡು, ಸುಮ್ನೆ ಬೆನ್ನು ತಿರುಗಿಸ್ಕೊಂಡು ನಿಲ್ಬೇಡ."

ಮನೆಯಲ್ಲಿ ಅತ್ತೆ ಛತ್ರಿಯೊಳಗೆ ಇಣುಕಿ ನೋಡಿ, "ಆಕಾಶದಿಂದ ಅಕ್ಕಿ ಮಳೆ ಬಂತೇನೇ, ಛತ್ರಿ ತಿರುವಿ ಹಿಡಿದ್ಯಾ?" ಎಂದಳು. ಉತ್ತರಕ್ಕೆ ಕಾಯದೆ ತಾನೇ ಎದ್ದು ಒಲೆ ಹೊತ್ತಿಸಿದಳು. ಮೊಣಕಾಲು ನೋವೆಂದು ಆರು ತಿಂಗಳಿಂದ ಕೂತಲ್ಲೇ ಕೂತಿದ್ದ ಮುದುಕಿ. ಬೇಳೆ ಬೆಂದ ವಾಸನೆಗೆ ಒಳಗಿನಿಂದ ಮಗಳು ಗೋಡೆ ಹಿಡಿದುಕೊಂಡು ಬಂದು ಕೂತಳು. ಮೊದಲು ಒಂದು ಲೋಟ ಹಾಲು ಕುಡಿಸಿದರು. ಆಮೇಲೆ ಅನ್ನ, ಮೆತ್ತಗೆ, ಬಿಸಿಯಾಗಿ. ಮಗಳು ನಾಲ್ಕು ತುತ್ತು ತಿಂದು ಅತ್ತಳು, ಮತ್ತೆ ತಿಂದಳು. ಅರ್ಧ ಮಾತ್ರ ಏಕೆ ಬಂತು ಎಂದು ಕೇಳಿದಾಗ ಇಸ್ತ್ರಿಯಕ್ಕ ಚೀಟಿಯಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಮೂರು ಹೆಜ್ಜೆ ನಡೆದದ್ದನ್ನೂ ಬಿಡಲಿಲ್ಲ.

"ಸದ್ಯ, ನಾಲ್ಕನೇದು ಇಡ್ಲಿಲ್ಲವಲ್ಲ," ಎಂದಳು ಅತ್ತೆ. ಅದರಲ್ಲಿ ತಮಾಷೆ ಇರಲಿಲ್ಲ.

ಹಾಲೇನು ನಲ್ಲಿಯ ನೀರೇ, ತಿರುಗಿಸಿದೊಡನೆ ಬರಲು? ಅಂದು ಬರಲಿಲ್ಲ, ಮರುದಿನವೂ ಬರಲಿಲ್ಲ. ಆ ಎರಡು ದಿನ ಹಾಲಿನ ಪುಡಿಯನ್ನು ಕಾದಾರಿದ ನೀರಿನಲ್ಲಿ ಕದಡಿ ಚಮಚದಿಂದ ಕೂಸಿನ ತುಟಿಗೆ ತೊಟ್ಟು ತೊಟ್ಟಾಗಿ ಬಿಟ್ಟರು. ಮೂರು ಜನ ಹೆಂಗಸರು ಉಸಿರು ಬಿಗಿಹಿಡಿದು ಆ ಪುಟ್ಟ ಗಂಟಲು ಏರಿ ಇಳಿಯುವುದನ್ನು ಎಣಿಸಿದರು. ಮೂರನೆಯ ಬೆಳಗ್ಗೆ ಇಸ್ತ್ರಿಯಕ್ಕ ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಒಳಗೆ ಕೂಸು ಅಳತೊಡಗಿತು. ಕುಂಯ್‌ ಅಲ್ಲ, ಸಣ್ಣ ಮೈಯನ್ನೆಲ್ಲ ಬಾಯಿ ಮಾಡಿಕೊಂಡು, ಬೀದಿ ಕೊನೆಯವನು ಎದ್ದು ಬಂದು ಜಗಳವಾಡುವಂತೆ ಅಳು. ಇಸ್ತ್ರಿಯಕ್ಕನ ಕೈಯ ಪಾತ್ರೆ ಅಲ್ಲೇ ನಿಂತಿತು.

ಅಳು ತಟ್ಟನೆ ನಿಂತಿತು. ಆಮೇಲೆ ಗುಟುಕ್, ಗುಟುಕ್ ಎಂದು ನುಂಗುವ ಸದ್ದು. ನಡುವೆ ಮೂಗಿನಿಂದ ಒಂದು ಅವಸರದ ಉಸಿರು. ಮತ್ತೆ ಗುಟುಕ್.

"ಅಮ್ಮಾ," ಎಂದಳು ಒಳಗಿನಿಂದ ಮಗಳು, ಜೋರಾಗಿ ಹೇಳಿದರೆ ನಿಂತುಹೋದೀತು ಎಂಬ ಹಾಗೆ. "ಅಮ್ಮಾ, ಕೇಳಿಸ್ತಾ?"

ಇಸ್ತ್ರಿಯಕ್ಕ ಬೂದಿಗೈಯಲ್ಲೇ ಬಾಗಿಲ ಹೊರಗೆ ಕುಕ್ಕರಿಸಿ ಕೂತಳು. ಒಳಗೆ ಹೋಗಲಿಲ್ಲ. ಆ ಸದ್ದು ನಿಲ್ಲುವವರೆಗೂ ಗೋಡೆಗೆ ಕಿವಿಯಿಟ್ಟು ಕೇಳುತ್ತ ಕೂತೇ ಇದ್ದಳು.